ನಿಮ್ಮ ಕನ್ನಡ ಗುಂಪನ್ನು ಫೆಡಿವರ್ಸ್‌ಗೆ ಕರೆದುಕೊಂಡು ಹೋಗುವುದು ಹೇಗೆ

ಫೆಡಿವರ್ಸ್ ಅನ್ನುವ ಜಾಲದ ಭಾಗವಾದ, ಟ್ವಿಟರ್‌ನಂಥ ಮಾಸ್ಟೊಡಾನ್ ಬಗ್ಗೆ ಯಾರ ಹತ್ತಿರ ಮಾತಾಡಿದರೂ ಎರಡು ಮಾತು ಬಂದೇ ಬರುತ್ತವೆ. ಹೊರಗಿನವರು ಕೇಳುತ್ತಾರೆ, "ಚೆನ್ನಾಗಿದೆ, ಆದರೆ ಅಲ್ಲಿ ಯಾರಿದ್ದಾರೆ?" ಒಳಗಿರುವ ಹಳಬರು ಹೇಳುತ್ತಾರೆ, "ಜಾಸ್ತಿ ಜನ ಬಂದರೆ ಹಾಳಾಗುತ್ತದೆ, ಹೀಗೇ ಇರಲಿ ಬಿಡಿ." ನಾನು 2019ರಿಂದ ಅಲ್ಲಿದ್ದೇನೆ. ಮೂರು ವರ್ಷದಿಂದ ನಮ್ಮ ಓದುವ ಬಳಗದ ನಲವತ್ತು ಚಿಲ್ಲರೆ ಜನರಿಗಾಗಿ ಒಂದು ಪುಟ್ಟ ಸರ್ವರ್, ಅಂದರೆ ಎಲ್ಲರ ಖಾತೆಗಳೂ ಇರುವ ಕಂಪ್ಯೂಟರ್, ನಡೆಸುವ ಮೂವರಲ್ಲಿ ನಾನೂ ಒಬ್ಬಳು. ಇದು ಜನಪ್ರಿಯ ಆಗಬೇಕು ಅಂತಲೇ ನನ್ನ ಆಸೆ. ಆದರೆ ಜಾತ್ರೆಗೆ ಜನ ನುಗ್ಗಿದ ಹಾಗೆ ಒಂದೇ ಜಾಗಕ್ಕೆ ಒಂದೇ ದಿನ ಬಂದರೆ ಯಾರೂ ಉಳಿಯುವುದಿಲ್ಲ, ಅದನ್ನು ಎರಡು ಸಲ ಕಣ್ಣಾರೆ ನೋಡಿದ್ದೇನೆ. ಪರಿಚಯದವರ ಜೊತೆ, ಸಣ್ಣ ಸಣ್ಣ ಗುಂಪಾಗಿ, ನಿಧಾನಕ್ಕೆ ಬಂದವರು ಉಳಿಯುತ್ತಾರೆ. ಹಾಗೆ ಒಂದು ಗುಂಪನ್ನು ಕರೆತರುವುದು ಹೇಗೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮದು ಓದುವ ಬಳಗ ಇರಬಹುದು, ಹಕ್ಕಿ ನೋಡುವವರ ಗುಂಪು ಇರಬಹುದು, ದುಬೈನ ಕನ್ನಡ ಸಂಘ ಇರಬಹುದು, ಕೆಲಸ ಬಹುಪಾಲು ಒಂದೇ.

ಮೊದಲು, ಇದು ಏನು ಅಂತ

ಗೊತ್ತಿಲ್ಲದವರಿಗೆ ವಿವರಿಸಬೇಕಾದಾಗ ನಾನು ಫೋನಿನ ಸಿಮ್ ತೋರಿಸುತ್ತೇನೆ. ನಿಮ್ಮದು ಏರ್‌ಟೆಲ್, ಅಣ್ಣನದು ಜಿಯೋ, ಊರಲ್ಲಿರುವ ಅಪ್ಪನದು ಬಿಎಸ್‌ಎನ್‌ಎಲ್. ಮೂವರೂ ಆರಾಮಾಗಿ ಮಾತಾಡುತ್ತೀರಿ. ಯಾರ ಸಿಮ್ ಯಾವುದು ಅಂತ ಯೋಚಿಸುವುದೂ ಇಲ್ಲ. ಸೋಷಿಯಲ್ ಮೀಡಿಯಾದಲ್ಲಿ ಮಾತ್ರ ಎಕ್ಸ್‌ನಲ್ಲಿರುವವರನ್ನು ಇನ್‌ಸ್ಟಾಗ್ರಾಮ್‌ನಿಂದ ಫಾಲೋ ಮಾಡಲು ಆಗುವುದಿಲ್ಲ, ಅದನ್ನು ನಾವು ಸಹಜ ಅಂತ ಒಪ್ಪಿಕೊಂಡುಬಿಟ್ಟಿದ್ದೇವೆ.

ಫೆಡಿವರ್ಸ್‌ನಲ್ಲಿ ಆ ಗೋಡೆ ಇಲ್ಲ. ಸಾವಿರಾರು ಸರ್ವರ್‌ಗಳಿವೆ, ಒಂದೊಂದನ್ನು ಒಬ್ಬೊಬ್ಬರು ನಡೆಸುತ್ತಾರೆ, ಎಲ್ಲವೂ ಆಕ್ಟಿವಿಟಿಪಬ್ ಅನ್ನುವ ಒಂದೇ ನಿಯಮದಲ್ಲಿ ಮಾತಾಡಿಕೊಳ್ಳುತ್ತವೆ. ವೆಬ್‌ಗೆ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2018ರ ಜನವರಿಯಲ್ಲಿ ಅದಕ್ಕೆ ಅಧಿಕೃತ ಮುದ್ರೆ ಒತ್ತಿತು. ಜರ್ಮನಿಯ ಯುಗೆನ್ ರೋಖ್ಕೊ 2016ರಲ್ಲಿ ಶುರು ಮಾಡಿದ ಮಾಸ್ಟೊಡಾನ್ ಇದರಲ್ಲಿ ಹೆಚ್ಚು ಹೆಸರಾದದ್ದು. ಫೋಟೊಗೆ ಪಿಕ್ಸೆಲ್‌ಫೆಡ್ ಇದೆ, ವಿಡಿಯೊಗೆ ಪೀರ್‌ಟ್ಯೂಬ್, ಚರ್ಚೆಗೆ ಲೆಮ್ಮಿ. ನಿಮ್ಮ ವಿಳಾಸದಲ್ಲಿ ಈಮೇಲ್‌ನ ಹಾಗೆಯೇ ಎರಡು ಭಾಗ, ನಿಮ್ಮ ಹೆಸರು ಮತ್ತು ಸರ್ವರ್ ಹೆಸರು. ಇಷ್ಟು ಗೊತ್ತಿದ್ದರೆ ಸಾಕು. ಇದಕ್ಕಿಂತ ಜಾಸ್ತಿ ತಂತ್ರಜ್ಞಾನದ ಮಾತನ್ನು ಕರೆಯುವ ದಿನ ಯಾರಿಗೂ ಹೇಳಬೇಡಿ.

ಇಷ್ಟೆಲ್ಲ ಯಾಕೆ ಅಂತ ಗುಂಪಿನಲ್ಲಿ ಯಾರಾದರೂ ಕೇಳುತ್ತಾರೆ, ಕೇಳಲೇಬೇಕು. ನಾನು ಮೂರು ಹೆಸರು ಹೇಳುತ್ತೇನೆ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್ 2ಕ್ಕೆ. ಇನ್ನೊಂದು ನಮ್ಮ ಬೆಂಗಳೂರಿನದೇ ಆದ ಕೂ. ಅದು 2020ರಲ್ಲಿ ಶುರುವಾದಾಗ ಮೊದಲು ಬಂದ ಭಾಷೆ ಕನ್ನಡ. 2024ರ ಜುಲೈನಲ್ಲಿ ಅದನ್ನು ಮುಚ್ಚುತ್ತಿದ್ದೇವೆ ಅಂತ ಸ್ಥಾಪಕರಾದ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ ತಿಳಿಸಿದರು. ದೊಡ್ಡ ಕಂಪನಿಗಳ ಜೊತೆಗಿನ ಮಾತುಕತೆ ಫಲಿಸಲಿಲ್ಲ, ನಡೆಸುವ ಖರ್ಚೂ ಜಾಸ್ತಿ ಅಂತ ಹೇಳಿದರು. ಕನ್ನಡದಲ್ಲಿ ಬರೆಯುವವರನ್ನು ಮೊದಲ ಸಾಲಿನಲ್ಲಿ ಕೂರಿಸಿದ ಪ್ರಯತ್ನ ಅದು, ನನಗೆ ಅದರ ಬಗ್ಗೆ ಇರುವುದು ಬೇಸರ ಮಾತ್ರ. ಈ ಮೂರೂ ಒಂದೇ ಕಂಬದ ಮೇಲೆ ನಿಂತ ಚಪ್ಪರಗಳು. ಕಂಬ ಬಿದ್ದ ದಿನ ಕೆಳಗೆ ಕೂತವರೆಲ್ಲ ಚದುರಿದರು, ಹರಟೆ, ಜಗಳ, ಪದ್ಯ, ಫೋಟೊ ಎಲ್ಲ ಹೋಯಿತು, ಯಾರು ಎಲ್ಲಿಗೆ ಹೋದರು ಅನ್ನುವುದೂ ಗೊತ್ತಾಗಲಿಲ್ಲ.

ಎರಡು ಅಲೆಗಳಿಂದ ಕಲಿತದ್ದು

2019ರ ನವೆಂಬರ್ ನೆನಪಿದೆಯಾ? ಸುಪ್ರೀಂ ಕೋರ್ಟ್‌ನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾಗಿತ್ತು. ಆ ಸಿಟ್ಟಿಗೆ ನಮ್ಮ ದೇಶದ ಬಹಳ ಜನ ಮಾಸ್ಟೊಡಾನ್‌ಗೆ ಬಂದರು. ನಾನು ಬಂದದ್ದೂ ಆ ವಾರವೇ. ಮೊದಲ ಮೂರು ದಿನ ಸಂಭ್ರಮ. ಆಮೇಲೆ ನೋಡಿದರೆ ನಾನು ಫಾಲೋ ಮಾಡಿದ ಜನ ಒಬ್ಬೊಬ್ಬರಾಗಿ ಸುಮ್ಮನಾಗುತ್ತಿದ್ದರು. ಎಲ್ಲರೂ ಒಂಟಿಯಾಗಿ ಬಂದವರು, ಸಿಟ್ಟು ತಣ್ಣಗಾದ ಮೇಲೆ ಉಳಿಯಲು ಕಾರಣ ಇರಲಿಲ್ಲ. ಅವರ ಸ್ನೇಹಿತರೆಲ್ಲ ಇನ್ನೂ ಹಳೆಯ ಜಾಗದಲ್ಲೇ ಇದ್ದರಲ್ಲ.

ಎರಡನೆಯದು 2022. ಅಕ್ಟೋಬರ್ 27ಕ್ಕೆ ಇಲಾನ್ ಮಸ್ಕ್ 44 ಬಿಲಿಯನ್ ಡಾಲರ್ ಕೊಟ್ಟು ಟ್ವಿಟರ್ ಕೊಂಡರು. ಮಾಸ್ಟೊಡಾನ್‌ಗೆ ಜನ ಹರಿದು ಬಂದರು. ತಿಂಗಳಿಗೊಮ್ಮೆಯಾದರೂ ಬರುವವರ ಸಂಖ್ಯೆ ಆ ವರ್ಷದ ಕೊನೆಗೆ ಸುಮಾರು 25 ಲಕ್ಷ ಮುಟ್ಟಿತ್ತು. ಸರ್ವರ್‌ಗಳು ಏದುಸಿರು ಬಿಟ್ಟವು, ಬಿಡುವಿನ ವೇಳೆಯಲ್ಲಿ ನಡೆಸುತ್ತಿದ್ದ ಅಡ್ಮಿನ್‌ಗಳು ರಾತ್ರಿ ನಿದ್ದೆಗೆಟ್ಟರು. ಮುಂದಿನ ತಿಂಗಳುಗಳಲ್ಲಿ ಬಂದವರಲ್ಲಿ ದೊಡ್ಡ ಪಾಲು ಕರಗಿಹೋಯಿತು.

ಹಳಬರ ಭಯಕ್ಕೂ ಅರ್ಥ ಇದೆ. ಅಂತರ್ಜಾಲದ ಹಳೆಯ ಚರ್ಚಾ ಜಾಲ ಯೂಸ್‌ನೆಟ್‌ನಲ್ಲಿ ಪ್ರತಿ ಸೆಪ್ಟೆಂಬರ್‌ಗೆ ಅಮೆರಿಕದ ಕಾಲೇಜುಗಳಿಂದ ಹೊಸ ಹುಡುಗರು ಬರುತ್ತಿದ್ದರು, ಒಂದು ತಿಂಗಳು ಗಲಾಟೆ ಮಾಡಿ ರೀತಿ ರಿವಾಜು ಕಲಿತು ಹೊಂದಿಕೊಳ್ಳುತ್ತಿದ್ದರು. 1993ರ ನಂತರ ದೊಡ್ಡ ಇಂಟರ್ನೆಟ್ ಕಂಪನಿಗಳ ಗ್ರಾಹಕರು ನಿಲ್ಲದೆ ಬರತೊಡಗಿದರು. ಕಲಿಸುವುದಕ್ಕೆ ಯಾರಿಗೂ ಪುರುಸೊತ್ತು ಉಳಿಯಲಿಲ್ಲ. ಆ ಸೆಪ್ಟೆಂಬರ್ ಇನ್ನೂ ಮುಗಿದಿಲ್ಲ ಅಂತ ಹಳಬರು ಈಗಲೂ ಹೇಳುತ್ತಾರೆ.

ಮನೆಯಲ್ಲಿ ಮೊಸರು ಮಾಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದು ಚಮಚ ಹೆಪ್ಪು ಒಂದು ಪಾತ್ರೆ ಹಾಲನ್ನು ರಾತ್ರಿ ಬೆಳಗಾಗುವುದರೊಳಗೆ ಮೊಸರು ಮಾಡುತ್ತದೆ. ಅದೇ ಚಮಚವನ್ನು ಒಂದು ಕೊಡ ಹಾಲಿಗೆ ಹಾಕಿದರೆ ಹಾಲೂ ಉಳಿಯುವುದಿಲ್ಲ, ಮೊಸರೂ ಆಗುವುದಿಲ್ಲ. ಹಾಗಾಗಿ ಎಷ್ಟು ಜನ ಅನ್ನುವ ಪ್ರಶ್ನೆಯನ್ನು ನಾನು ಯಾವಾಗಲೂ ಹೆಪ್ಪು ಎಷ್ಟಿದೆ ಅಂತ ನೋಡಿ ಉತ್ತರಿಸುತ್ತೇನೆ.

ಹೆಪ್ಪಿಗೆ ಆರು ಜನ

ಸರ್ವರ್ ಹುಡುಕುವ ಮೊದಲು ಜನ ಹುಡುಕಿ. ಆರು ಜನ ಸಾಕು. ಕಂಪ್ಯೂಟರ್ ಗೊತ್ತಿರುವವರನ್ನೇ ಆರಿಸಬೇಡಿ, ನಾವು ಮೊದಲ ಸಲ ಅದೇ ತಪ್ಪು ಮಾಡಿದ್ದೆವು. ಐದು ಜನ ಸಾಫ್ಟ್‌ವೇರ್‌ನವರು ಸೇರಿ ಎರಡು ತಿಂಗಳು ಸರ್ವರ್ ಬಗ್ಗೆಯೇ ಸರ್ವರ್‌ನಲ್ಲಿ ಮಾತಾಡಿದೆವು, ಪುಸ್ತಕದ ಬಗ್ಗೆ ಒಬ್ಬರೂ ಬರೆಯಲಿಲ್ಲ. ಓದುಗರು ಇಣುಕಿ ನೋಡಿ ಹೋದರು.

ದಿನಾ ಏನಾದರೂ ಬರೆಯುವ ಒಬ್ಬರು ಬೇಕು. ಒಳ್ಳೆಯ ಫೋಟೊ ತೆಗೆಯುವವರು ಒಬ್ಬರು. ತಾವು ಬರೆಯದಿದ್ದರೂ ಎಲ್ಲರಿಗೂ ಉತ್ತರಿಸುವ ಸ್ವಭಾವದವರು ಒಬ್ಬರು, ಇವರು ಚಿನ್ನದಂಥವರು, ಗುಂಪು ಉಳಿಯುವುದು ಇವರಿಂದಲೇ. ಫೋನಿನಲ್ಲಿ ಅರ್ಧ ಗಂಟೆ ತಾಳ್ಮೆಯಿಂದ "ಈಗ ಕೆಳಗಡೆ ಒತ್ತಿ, ಅಲ್ಲಲ್ಲ, ಅದರ ಪಕ್ಕದ್ದು" ಅಂತ ಹೇಳಿಕೊಡುವವರು ಒಬ್ಬರು. ಜಗಳ ಬಂದಾಗ ಎರಡೂ ಕಡೆಯವರು ಮಾತು ಕೇಳುವಂಥ ಹಿರಿಯರು ಒಬ್ಬರು. ಸರ್ವರ್ ವಿಷಯ ಗೊತ್ತಿರುವವರು ಒಬ್ಬರಿದ್ದರೆ ಸಾಕು.

ಈ ಆರು ಜನ ಬೇರೆ ಯಾರನ್ನೂ ಕರೆಯದೆ ಮೂರು ವಾರ ಅಲ್ಲಿ ಇರಬೇಕು. ಹೊಸ ಮನೆಗೆ ಹಾಲು ಉಕ್ಕಿಸುವ ಮುಂಚೆ ನೆಂಟರನ್ನು ಕರೆಯುತ್ತೇವಾ? ಒಬ್ಬೊಬ್ಬರೂ ಕಡಿಮೆ ಅಂದರೆ ಹತ್ತು ಪೋಸ್ಟ್ ಬರೆದಿರಲಿ, ಫೋಟೊ ಮತ್ತು ಪರಿಚಯ ತುಂಬಿರಲಿ. ಆಮೇಲೆ ಬಂದವರಿಗೆ ಖಾಲಿ ಮನೆ ಕಾಣುವುದಿಲ್ಲ.

ಸರ್ವರ್ ಆರಿಸುವುದು

ಇರುವ ಸರ್ವರ್ ಸೇರುವುದೇ ಮೊದಲ ವರ್ಷಕ್ಕೆ ಒಳ್ಳೆಯದು. ಸುಮ್ನೆ ಹೆಸರು ಚೆನ್ನಾಗಿದೆ ಅಂತ ಸೇರಬೇಡಿ. ಪ್ರತಿ ಸರ್ವರ್‌ಗೂ ತನ್ನ ಬಗ್ಗೆ ಹೇಳುವ ಒಂದು ಪುಟ ಇರುತ್ತದೆ, ಅದನ್ನು ಪೂರ್ತಿ ಓದಿ. ಯಾರು ನಡೆಸುತ್ತಾರೆ, ಎಷ್ಟು ಜನ ನೋಡಿಕೊಳ್ಳುತ್ತಾರೆ, ದುಡ್ಡು ಎಲ್ಲಿಂದ ಬರುತ್ತದೆ, ನಿಯಮಗಳೇನು. ದುಡ್ಡಿನ ವಿಷಯ ಬರೆಯದ ಸರ್ವರ್ ಆದರೆ ನೇರವಾಗಿ ಕೇಳಿ, ಒಳ್ಳೆಯ ಅಡ್ಮಿನ್‌ಗಳು ಖುಷಿಯಿಂದ ಹೇಳುತ್ತಾರೆ.

ಮಾಸ್ಟೊಡಾನ್ ಸಂಸ್ಥೆ ತನ್ನ ಅಧಿಕೃತ ಪಟ್ಟಿಯಲ್ಲಿ ಸೇರಿಸುವ ಸರ್ವರ್‌ಗಳಿಂದ ಕೆಲವು ಮಾತು ತೆಗೆದುಕೊಳ್ಳುತ್ತದೆ. ದಿನಾ ಬ್ಯಾಕಪ್ ತೆಗೆಯಬೇಕು. ತುರ್ತಿಗೆ ಅಡ್ಮಿನ್ ಬಿಟ್ಟು ಇನ್ನೊಬ್ಬರ ಕೈಯಲ್ಲೂ ಕೀಲಿ ಇರಬೇಕು. ದ್ವೇಷದ ಮಾತುಗಳನ್ನು ತಡೆಯಬೇಕು. ಮುಚ್ಚುವುದಾದರೆ ಮೂರು ತಿಂಗಳು ಮೊದಲೇ ತಿಳಿಸಬೇಕು. ಆ ಪಟ್ಟಿಯಲ್ಲಿ ಇರುವುದನ್ನೇ ಆರಿಸಿಕೊಂಡರೆ ಅರ್ಧ ಚಿಂತೆ ಕಡಿಮೆ.

ಸರ್ವರ್ ಹೆಸರಿನ ಬಾಲವನ್ನೂ ನೋಡಿ. ಕ್ವಿಯರ್ ಡಾಟ್ ಎಎಫ್ ಅನ್ನುವ ಒಂದು ಸರ್ವರ್ ಇತ್ತು. ಡಾಟ್ ಎಎಫ್ ಅಂದರೆ ಅಫ್ಘಾನಿಸ್ತಾನದ್ದು. 2024ರ ಫೆಬ್ರವರಿಯಲ್ಲಿ ತಾಲಿಬಾನ್ ಆಡಳಿತ ಆ ಹೆಸರನ್ನೇ ಕಿತ್ತುಕೊಂಡಿತು, ಅಲ್ಲಿದ್ದವರ ವಿಳಾಸವೇ ಇಲ್ಲದಂತಾಯಿತು. ಕೇಳಲು ಚೆಂದ ಅಂತ ದೂರದ ದೇಶದ ಬಾಲ ಇಟ್ಟುಕೊಳ್ಳುವುದು ಅಪಾಯ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು, ನೋಡಿಕೊಳ್ಳುವವರಲ್ಲಿ ಯಾರಿಗಾದರೂ ಕನ್ನಡ ಬರುತ್ತದಾ? ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ. ನಮ್ಮ ಬಳಗದ ಒಬ್ಬ ಹುಡುಗಿಗೆ ಯಾರೋ ಜಾತಿ ಹಿಡಿದು ಬೈದಿದ್ದರು, ಆಗ ನಾವು ಬೇರೆಯವರ ಸರ್ವರ್‌ನಲ್ಲಿ ಇದ್ದೆವು. ಅವಳು ರಿಪೋರ್ಟ್ ಮಾಡಿದಳು. ಅಡ್ಮಿನ್ ಪಾಪ ಒಳ್ಳೆಯವರೇ, ದೂರದ ದೇಶದವರು, ಯಂತ್ರದಲ್ಲಿ ಅನುವಾದ ಮಾಡಿ ನೋಡಿದರೆ ಆ ಬೈಗುಳ ಒಂದು ಕಸುಬಿನ ಹೆಸರಾಗಿ ಕಾಣಿಸಿತಂತೆ. ಇದರಲ್ಲಿ ತಪ್ಪೇನಿದೆ ಅಂತ ಕೇಳಿದರು. ನಾಲ್ಕು ದಿನ ನಾವು ವಿವರಿಸುತ್ತಾ ಕೂತೆವು. ಅಷ್ಟು ದಿನವೂ ಆ ಪೋಸ್ಟ್ ಅಲ್ಲೇ ಇತ್ತು. ಅವಳು ಆಮೇಲೆ ಬರೆಯುವುದನ್ನೇ ನಿಲ್ಲಿಸಿಬಿಟ್ಟಳು, ನನಗೆ ಇವತ್ತಿಗೂ ಅದು ನೋವು.

ಇನ್ನೊಂದು ಕಡೆಯಿಂದಲೂ ಇದೇ ಕಷ್ಟ. ಹುಬ್ಬಳ್ಳಿ ಧಾರವಾಡದ ಇಬ್ಬರು ಗೆಳೆಯರು "ಲೇ ಮಗನ, ಎಲ್ಲಿ ಸತ್ತಿದ್ದಿ ಇಷ್ಟ ದಿನ" ಅಂತ ಬರೆದುಕೊಂಡರೆ ಅದು ಪ್ರೀತಿ. ಅದನ್ನು ಯಂತ್ರ ಅನುವಾದ ಮಾಡಿದರೆ ಬೆದರಿಕೆ. ಮೈಸೂರಿನ ಕಡೆಯ ನನಗೇ ಮೊದಮೊದಲು ಗಾಬರಿ ಆಗಿತ್ತು. ಹಾಗಾಗಿ ನೋಡಿಕೊಳ್ಳುವವರು ಮೂರು ಜನ ಇದ್ದರೆ ಮೂರು ಕಡೆಯವರಾದರೆ ಒಳ್ಳೆಯದು. ನಮ್ಮಲ್ಲಿ ಈಗ ಒಬ್ಬರು ಧಾರವಾಡದವರು, ಒಬ್ಬರು ಉಡುಪಿಯವರು, ಒಬ್ಬಳು ನಾನು. ಲಕ್ಷಾಂತರ ಜನರಿರುವ ದೊಡ್ಡ ಜಾಗಗಳಿಂದ ಇಂಥ ಕಿವಿಯನ್ನು ನಿರೀಕ್ಷಿಸಲು ಆಗುವುದಿಲ್ಲ, ಸಣ್ಣ ಸರ್ವರ್ ಬೇಕು ಅಂತ ನಾನು ಹಟ ಹಿಡಿಯುವುದಕ್ಕೆ ಕಾರಣವೂ ಇದೇ.

ಸ್ವಂತ ಸರ್ವರ್ ಬೇಕೆನ್ನಿಸಿದಾಗ

ಒಂದು ವರ್ಷ ಕಳೆದು, ಇಪ್ಪತ್ತು ಜನ ಬಿಡದೆ ಬರೆಯುತ್ತಿದ್ದರೆ ಸ್ವಂತದ್ದಕ್ಕೆ ಯೋಚಿಸಿ. ಮೂರು ಜನ ಹೊಣೆ ಹೊರಲು ಒಪ್ಪುವ ತನಕ ಶುರು ಮಾಡಬೇಡಿ. ಒಬ್ಬರಿಗೆ ಜ್ವರ ಬರುತ್ತದೆ, ಇನ್ನೊಬ್ಬರ ಮನೆಯಲ್ಲಿ ಮದುವೆ ಇರುತ್ತದೆ, ಮೂರನೆಯವರು ಇರಲೇಬೇಕು. ಸರ್ವರ್‌ನ ತಾಂತ್ರಿಕ ಕೆಲಸವನ್ನು ತಿಂಗಳ ಬಾಡಿಗೆಗೆ ಮಾಡಿಕೊಡುವವರಿದ್ದಾರೆ, ಅವರಿಗೇ ಕೊಡಿ. ನಿಮ್ಮ ಶಕ್ತಿ ಜನರ ಕಡೆಗೆ ಇರಲಿ.

ಡೊಮೈನ್ ಹೆಸರು, ಅಂದರೆ ಸರ್ವರ್‌ನ ವಿಳಾಸ, ಒಬ್ಬರ ಸ್ವಂತ ಈಮೇಲ್‌ಗೆ ಕಟ್ಟಿಕೊಂಡಿರಬಾರದು. ಸಂಘದ ಹೆಸರಿನಲ್ಲಿ ಅಥವಾ ಮೂವರೂ ನೋಡಬಹುದಾದ ಈಮೇಲ್‌ನಲ್ಲಿ ಇರಲಿ, ನವೀಕರಣದ ದಿನ ಮೂವರ ಫೋನಿನಲ್ಲೂ ಗುರುತು ಹಾಕಿರಲಿ. ಬೇರೆ ಸರ್ವರ್‌ಗಳಿಂದ ಬರುವ ಫೋಟೊ, ವಿಡಿಯೊಗಳ ನಕಲು ನಿಮ್ಮ ಸರ್ವರ್‌ನಲ್ಲಿ ಸೇರುತ್ತಾ ಹೋಗುತ್ತದೆ, ಜಾಗ ತುಂಬುವುದು ಅದರಿಂದಲೇ. ಅಡ್ಮಿನ್ ಸೆಟ್ಟಿಂಗ್‌ನಲ್ಲಿ ಇಂತಿಷ್ಟು ದಿನದ ನಂತರ ಅದನ್ನು ಅಳಿಸು ಅಂತ ಹಾಕಬಹುದು, ಮೊದಲ ದಿನವೇ ಹಾಕಿ.

ಖರ್ಚನ್ನು ಮರೆಮಾಡಬೇಡಿ. ನಾವು ಪ್ರತಿ ತಿಂಗಳು ಬಂದದ್ದೆಷ್ಟು, ಹೋದದ್ದೆಷ್ಟು ಅಂತ ಒಂದು ಪೋಸ್ಟ್ ಹಾಕುತ್ತೇವೆ. ಗಣಪತಿ ಹಬ್ಬದ ಚಂದಾ ಲೆಕ್ಕವನ್ನು ಪೆಂಡಾಲಿನ ಪಕ್ಕ ಬರೆದು ಹಾಕುವ ಹಾಗೆ. ಲೆಕ್ಕ ಕಂಡರೆ ಜನ ಕೇಳದೆಯೇ ಕೊಡುತ್ತಾರೆ.

ಕಾನೂನನ್ನೂ ಮರೆಯಬೇಡಿ. ಭಾರತದ 2021ರ ಐಟಿ ನಿಯಮಗಳಲ್ಲಿ 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಕಂಪನಿಗಳಿಗೆ ಹೆಚ್ಚಿನ ಹೊಣೆಗಳಿವೆ, ಅವು ನಿಮಗೆ ಬರುವುದಿಲ್ಲ. ಆದರೆ ದೂರು ಕೇಳುವ ಗ್ರೀವೆನ್ಸ್ ಆಫೀಸರ್ ಯಾರು, ಅವರನ್ನು ಸಂಪರ್ಕಿಸುವುದು ಹೇಗೆ ಅಂತ ಪ್ರಕಟಿಸುವುದು ಸಣ್ಣವರಿಗೂ ಇದೆ. ಬಳಗದಲ್ಲಿ ವಕೀಲರಿದ್ದರೆ ಒಂದು ಸಂಜೆ ಕಾಫಿಗೆ ಕರೆದು ಕೂರಿಸಿಕೊಂಡು ಓದಿಸಿ.

ಹೊಸಬರಿಗೆ ಮೊದಲ ವಾರ

ಹೊಸದಾಗಿ ಬಂದವರು ಬಿಟ್ಟು ಹೋಗುವುದು ಸಾಮಾನ್ಯವಾಗಿ ಮೊದಲ ವಾರವೇ. ಕಾರಣ, ಇಲ್ಲಿ ಯಾವ ಯಂತ್ರವೂ ಪೋಸ್ಟ್‌ಗಳನ್ನು ಹುಡುಕಿ ತಂದು ಮುಂದೆ ಸುರಿಯುವುದಿಲ್ಲ. ನೀವು ಯಾರನ್ನು ಫಾಲೋ ಮಾಡಿದ್ದೀರೋ ಅವರು ಬರೆದದ್ದು ಮತ್ತು ಹಂಚಿದ್ದು, ಹಾಕಿದ ಕ್ರಮದಲ್ಲಿ, ಅಷ್ಟೇ ಬರುತ್ತದೆ. ಯಾರನ್ನೂ ಫಾಲೋ ಮಾಡದಿದ್ದರೆ ಏನೂ ಇಲ್ಲ. ಆದ್ದರಿಂದ ಖಾತೆ ತೆರೆದ ದಿನವೇ ಪಕ್ಕದಲ್ಲಿ ಕೂತು ಐವತ್ತು ಜನರನ್ನು ಫಾಲೋ ಮಾಡಿಸಿ. ಹ್ಯಾಶ್‌ಟ್ಯಾಗ್‌ಗಳನ್ನೂ ಫಾಲೋ ಮಾಡಬಹುದು, ಐದಾರು ಹಾಕಿಸಿ.

ಹುಡುಕಾಟದ ವಿಷಯ ಮೊದಲೇ ಹೇಳಿಬಿಡಿ. ಮಾಸ್ಟೊಡಾನ್‌ನಲ್ಲಿ ತಮ್ಮ ಪೋಸ್ಟ್ ಹುಡುಕಾಟದಲ್ಲಿ ಸಿಗಲಿ ಅಂತ ಬರೆದವರೇ ಒಪ್ಪಿಗೆ ಕೊಟ್ಟಿರಬೇಕು. ಹೊಸಬರು ಕನ್ನಡದ ಒಂದು ಪದ ಹಾಕಿ ಹುಡುಕುತ್ತಾರೆ, ಏನೂ ಸಿಗುವುದಿಲ್ಲ, ಇಲ್ಲಿ ಕನ್ನಡದವರೇ ಇಲ್ಲ ಅಂದುಕೊಳ್ಳುತ್ತಾರೆ. ಬಳಗದ್ದೇ ನಾಲ್ಕು ಹ್ಯಾಶ್‌ಟ್ಯಾಗ್ ಗೊತ್ತು ಮಾಡಿ, ಕನ್ನಡ ಲಿಪಿಯಲ್ಲೇ ಇರಲಿ, ಸಣ್ಣ ಪದಗಳಾಗಿರಲಿ, ಎಲ್ಲರೂ ಒಂದೇ ರೀತಿ ಬರೆಯಲಿ. ಓದು ಅಂತ ಒಬ್ಬರು, ಓದುವಿಕೆ ಅಂತ ಇನ್ನೊಬ್ಬರು ಹಾಕಿದರೆ ಇಬ್ಬರೂ ಸಿಗುವುದಿಲ್ಲ. ಪೋಸ್ಟ್ ಬರೆಯುವ ಜಾಗದಲ್ಲಿ ಭಾಷೆ ಕನ್ನಡ ಅಂತ ಆರಿಸುವುದನ್ನೂ ತೋರಿಸಿ, ಭಾಷೆ ಹಿಡಿದು ನೋಡುವವರಿಗೆ ಆಗ ಕಾಣುತ್ತದೆ.

ಲೈಕ್ ಒತ್ತಿದರೆ ಬರೆದವರಿಗೆ ಮೆಚ್ಚುಗೆ ತಲುಪುತ್ತದೆ. ನಿಮ್ಮನ್ನು ಫಾಲೋ ಮಾಡುವವರಿಗೂ ಆ ಪೋಸ್ಟ್ ಕಾಣಬೇಕಾದರೆ ಬೂಸ್ಟ್ ಮಾಡಬೇಕು. ಇಲ್ಲಿ ಮಾತು ಹರಡುವುದು ಒಬ್ಬರ ಕೈಯಿಂದ ಒಬ್ಬರಿಗೆ, ಹಾಗಾಗಿ ಇಷ್ಟವಾದದ್ದನ್ನು ಧಾರಾಳವಾಗಿ ಬೂಸ್ಟ್ ಮಾಡಿ ಅಂತ ಹೇಳಿ. ಫೋಟೊ ಹಾಕಿದಾಗ ಅದರಲ್ಲಿ ಏನಿದೆ ಅಂತ ಒಂದು ಸಾಲು ಕನ್ನಡದಲ್ಲಿ ಬರೆಯುವುದು ಇಲ್ಲಿನ ಒಳ್ಳೆಯ ರೂಢಿ. ಕಣ್ಣು ಕಾಣದ ಓದುಗರಿಗೆ ಅವರ ಫೋನ್ ಅದನ್ನು ಓದಿ ಹೇಳುತ್ತದೆ. ನಮ್ಮ ಬಳಗದಲ್ಲಿ ಅಂಥ ಒಬ್ಬರಿದ್ದಾರೆ, ಯಾರು ಚೆನ್ನಾಗಿ ವರ್ಣಿಸಿದರೂ ಅವರಿಂದ ಮೊದಲ ಉತ್ತರ ಬರುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಎರಡೆರಡು ಸಲ ಹೇಳಿ. ಮಾಸ್ಟೊಡಾನ್‌ನ ಖಾಸಗಿ ಸಂದೇಶ ವಾಟ್ಸಾಪ್‌ನಂತೆ ಬೀಗ ಹಾಕಿದ್ದಲ್ಲ. ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು. ಅಳಿಸಿದ ಪೋಸ್ಟ್ ಕೂಡ ಬೇರೆ ಸರ್ವರ್‌ಗಳಿಂದ ಅಳಿಸಿಯೇ ಹೋಗುತ್ತದೆ ಅನ್ನುವ ಖಾತ್ರಿ ಇಲ್ಲ. ಬ್ಯಾಂಕಿನ ವಿವರ, ಆಸ್ಪತ್ರೆ ರಿಪೋರ್ಟು, ಮಕ್ಕಳ ಶಾಲೆಯ ವಿಳಾಸ ಇಂಥದ್ದೇನೂ ಅಲ್ಲಿ ಬೇಡ.

ಮನೆ ಬದಲಾಯಿಸುವುದನ್ನು ಮೊದಲೇ ಕಲಿಸಿ

2011ರ ಜನವರಿಯಿಂದ ನಮ್ಮ ದೇಶದಲ್ಲೆಲ್ಲ ಫೋನ್ ನಂಬರ್ ಉಳಿಸಿಕೊಂಡು ಕಂಪನಿ ಬದಲಾಯಿಸುವ ಸೌಲಭ್ಯ ಬಂತು. ಫೆಡಿವರ್ಸ್‌ನಲ್ಲೂ ಸುಮಾರು ಹಾಗೆಯೇ ಮಾಡಬಹುದು, ಆದರೆ ಇಲ್ಲಿ ವಿಳಾಸ ಬದಲಾಗುತ್ತದೆ, ಫಾಲೋ ಮಾಡುವವರು ನಿಮ್ಮ ಜೊತೆ ಬರುತ್ತಾರೆ. ಹೊಸ ಸರ್ವರ್‌ನಲ್ಲಿ ಖಾತೆ ತೆರೆಯಿರಿ. ಅಲ್ಲಿನ ಸೆಟ್ಟಿಂಗ್‌ನಲ್ಲಿ ಹಳೆಯ ಖಾತೆ ನನ್ನದೇ ಅಂತ ಅಲಿಯಾಸ್ ನಮೂದಿಸಿ. ಆಮೇಲೆ ಹಳೆಯ ಖಾತೆಗೆ ಹೋಗಿ, ಇನ್ನು ನಾನು ಅಲ್ಲಿದ್ದೇನೆ ಅಂತ ಹೊಸ ವಿಳಾಸ ಕೊಡಿ. ನೀವು ಫಾಲೋ ಮಾಡುತ್ತಿದ್ದವರ ಪಟ್ಟಿ, ಬ್ಲಾಕ್ ಮಾಡಿದವರ ಪಟ್ಟಿ, ಉಳಿಸಿಟ್ಟ ಬುಕ್‌ಮಾರ್ಕ್‌ಗಳನ್ನು ಫೈಲ್ ಆಗಿ ಇಳಿಸಿಕೊಂಡು ಹೊಸ ಕಡೆ ಏರಿಸಬಹುದು.

ಹಳೆಯ ಪೋಸ್ಟ್‌ಗಳು ಮಾತ್ರ ಬರುವುದಿಲ್ಲ. ನಾನು ಮೊದಲು ಇದ್ದ ಸರ್ವರ್ ಮುಚ್ಚಿದಾಗ ಇದು ನನಗೆ ಗೊತ್ತಿರಲಿಲ್ಲ. ಎರಡು ವಾರದ ನೋಟಿಸ್ ಕೊಟ್ಟಿದ್ದರು, ನಾನು ಆಗ ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದೆ, ನೋಡಲೇ ಇಲ್ಲ. ಎರಡು ವರ್ಷ ಬರೆದ ಪುಸ್ತಕದ ಟಿಪ್ಪಣಿಗಳು ಹೋದವು. ಸರ್ವರ್ ನಿಂತ ಮೇಲೆ ಏನೂ ಮಾಡಲು ಬರುವುದಿಲ್ಲ, ಹಳೆಯ ಮನೆ ನಿಂತಿರುವಾಗಲೇ ಸಾಮಾನು ಸಾಗಿಸಬೇಕು. ಏಳು ದಿನಕ್ಕೊಮ್ಮೆ ನಿಮ್ಮ ಪೋಸ್ಟ್‌ಗಳ ಪೂರ್ತಿ ಕಟ್ಟನ್ನು ಕೇಳಿ ಇಳಿಸಿಕೊಳ್ಳಲು ಅವಕಾಶ ಇದೆ. ನಮ್ಮ ಬಳಗದಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ಒಬ್ಬರು ನೆನಪಿಸುತ್ತಾರೆ, ಆ ದಿನ ಎಲ್ಲರೂ ಇಳಿಸಿಕೊಳ್ಳುತ್ತೇವೆ.

ಉಳಿದವರನ್ನು ಕರೆಯುವುದು

ವಾಟ್ಸಾಪ್ ಬಿಡಿ, ಇನ್‌ಸ್ಟಾಗ್ರಾಮ್ ಬಿಡಿ ಅಂತ ಯಾರಿಗೂ ಹೇಳಬೇಡಿ. ನಾಳೆಯ ಸಭೆ ಎಷ್ಟು ಗಂಟೆಗೆ ಅನ್ನುವುದು ವಾಟ್ಸಾಪ್‌ನಲ್ಲೇ ಇರಲಿ. ವರ್ಷ ಕಳೆದ ಮೇಲೂ ಯಾರಾದರೂ ಹುಡುಕಿ ಓದಬೇಕು ಅನ್ನಿಸುವಂಥದ್ದು ಇಲ್ಲಿಗೆ ಬರಲಿ. ಹೀಗೆ ಹೇಳಿದಾಗ ಜನರಿಗೆ ಭಾರ ಅನ್ನಿಸುವುದಿಲ್ಲ.

ಆಮಂತ್ರಣದ ಲಿಂಕ್‌ಗೆ ಎಷ್ಟು ಜನ, ಎಷ್ಟು ದಿನ ಅಂತ ಮಿತಿ ಹಾಕಬಹುದು. ನಾವು ಒಬ್ಬೊಬ್ಬರಿಗೆ ತಿಂಗಳಿಗೆ ಎರಡೇ ಕೊಡುತ್ತೇವೆ. ಕರೆದವರು ಒಂದು ತಿಂಗಳು ಜವಾಬ್ದಾರರು, ಖಾತೆ ತೆರೆದ ದಿನ ಒಂದು ಫೋನ್, ವಾರದ ನಂತರ ಇನ್ನೊಂದು ಫೋನ್. ಇದು ನಿಧಾನ ಅಂತ ನಮ್ಮಲ್ಲೇ ವಾದ ಆಗಿತ್ತು. ಆದರೆ ಹೀಗೆ ಬಂದವರಲ್ಲಿ ಬಿಟ್ಟು ಹೋದವರು ತೀರ ಕಡಿಮೆ, ಮೊದಲ ವರ್ಷ ಬಾಗಿಲು ತೆರೆದಿಟ್ಟಾಗ ಬಂದವರಲ್ಲಿ ಉಳಿದವರೇ ಕಡಿಮೆ.

ನಾನು ಕರೆದವರಲ್ಲಿ ತೀರ್ಥಹಳ್ಳಿಯ ನನ್ನ ಚಿಕ್ಕಮ್ಮ ಒಬ್ಬರು. ಅವರು ದಿನಾ ಬೆಳಗ್ಗೆ ಹಿತ್ತಲಿಗೆ ಬರುವ ಹಕ್ಕಿಗಳ ಬಗ್ಗೆ ಎರಡು ಸಾಲು ಬರೆಯುತ್ತಾರೆ. ಸರ್ವರ್ ಅಂದರೇನು ಅಂತ ಇವತ್ತಿಗೂ ಕೇಳಿಲ್ಲ. ಒಂದು ತಿಂಗಳಾದ ಮೇಲೆ ಫೋನ್ ಮಾಡಿ, "ಅಲ್ವೇ ಪುಟ್ಟಿ, ಇದರಲ್ಲಿ ಒಂದೂ ಜಾಹೀರಾತೇ ಬರ್ತಿಲ್ವಲ್ಲೇ, ನಿನಗೆ ದುಡ್ಡು ಯಾರು ಕೊಡ್ತಾರೆ?" ಅಂತ ಕೇಳಿದರು. ಚಂದಾ ಲೆಕ್ಕದ ಪೋಸ್ಟ್ ತೋರಿಸಿದೆ. ಆ ತಿಂಗಳಿಂದ ನೂರು ರೂಪಾಯಿ ಕಳಿಸುತ್ತಿದ್ದಾರೆ.

ದೊಡ್ಡವರು ಬಾಗಿಲು ತಟ್ಟಿದಾಗ

ಮೆಟಾ ಕಂಪನಿಯ ಥ್ರೆಡ್ಸ್ 2023ರ ಜುಲೈ 5ರಂದು ಬಂತು, ಐದೇ ದಿನದಲ್ಲಿ 10 ಕೋಟಿ ಜನ ಸೇರಿದರು. ಮುಂದಿನ ವರ್ಷ ಅದು ಫೆಡಿವರ್ಸ್ ಜೊತೆ ಮಾತಾಡಲು ಶುರು ಮಾಡಿತು. ಕೆಲವು ಸರ್ವರ್‌ಗಳು ಅದನ್ನು ಪೂರ್ತಿ ತಡೆದವು. ದೊಡ್ಡ ಕಂಪನಿ ನುಗ್ಗಿದರೆ ಸಣ್ಣವರು ಕಳೆದುಹೋಗುತ್ತಾರೆ ಅನ್ನುವ ಆ ಭಯ ನನಗೆ ಅರ್ಥವಾಗುತ್ತದೆ, ಆದರೂ ಕನ್ನಡದ ಸಣ್ಣ ಬಳಗಕ್ಕೆ ನಾನು ಪೂರ್ತಿ ತಡೆ ಹೇಳುವುದಿಲ್ಲ. ಮಾಸ್ಟೊಡಾನ್‌ನಲ್ಲಿ ಲಿಮಿಟ್ ಅನ್ನುವ ಮಧ್ಯದ ದಾರಿ ಇದೆ. ಅಲ್ಲಿನ ಪೋಸ್ಟ್‌ಗಳು ಎಲ್ಲರೂ ನೋಡುವ ಟೈಮ್‌ಲೈನ್‌ಗೆ ಬರುವುದಿಲ್ಲ, ಆದರೆ ಬೇಕಾದವರು ತಮ್ಮ ಸ್ನೇಹಿತರನ್ನು ಫಾಲೋ ಮಾಡಬಹುದು. ಅಲ್ಲಿರುವ ತಂಗಿ, ಭಾವ, ಹಳೆಯ ಮೇಷ್ಟ್ರು ಕೈತಪ್ಪುವುದಿಲ್ಲ.

ಟ್ವಿಟರ್‌ನಂಥದ್ದೇ ಇನ್ನೊಂದು ಜಾಲವಾದ ಬ್ಲೂಸ್ಕೈ ಬಗ್ಗೆಯೂ ಕೇಳುತ್ತಾರೆ. 2024ರ ಫೆಬ್ರವರಿಯಲ್ಲಿ ಅದು ಎಲ್ಲರಿಗೂ ತೆರೆಯಿತು, ಅದೇ ವರ್ಷದ ನವೆಂಬರ್‌ನಲ್ಲಿ 2 ಕೋಟಿ ದಾಟಿತು. ಬಳಸಲು ಸುಲಭ. ಅದು ಮಾತಾಡುವ ನಿಯಮ ಬೇರೆ, ಆಕ್ಟಿವಿಟಿಪಬ್ ಅಲ್ಲ, ಹೆಚ್ಚಿನವರ ಖಾತೆಗಳು ಈಗಲೂ ಆ ಒಂದೇ ಕಂಪನಿಯ ಸರ್ವರ್‌ಗಳಲ್ಲಿವೆ. ಎರಡರ ನಡುವೆ ಪೋಸ್ಟ್ ದಾಟಿಸುವ ಸೇತುವೆಗಳಿವೆ, ಬೇಕಾದವರು ಬಳಸಲಿ. ಬಳಗದ ಮುಖ್ಯ ವಿಳಾಸ ಮಾತ್ರ ನಿಮ್ಮ ಕೈಯಲ್ಲಿರುವ ಕಡೆ ಇರಲಿ.

ಗುಂಪು ದೊಡ್ಡದಾದಾಗ

ನಿಲ್ಲಿಸಬೇಕಾದ ಗುರುತು ಎರಡು. ರಿಪೋರ್ಟ್ ಬಂದ ದಿನವೇ ನೋಡಲು ಆಗುತ್ತಿಲ್ಲ ಅನ್ನುವುದು ಒಂದು. ನಿಮ್ಮ ಸರ್ವರ್‌ನವರದೇ ಆದ ಲೋಕಲ್ ಟೈಮ್‌ಲೈನ್ ಅಂತ ಇರುತ್ತದೆ, ಅದು ನಮ್ಮ ಊರ ಅರಳಿಕಟ್ಟೆ ಇದ್ದ ಹಾಗೆ, ಅಲ್ಲಿ ಬರುವ ಹೆಸರುಗಳಲ್ಲಿ ಅರ್ಧ ಯಾರೆಂದೇ ಗೊತ್ತಾಗುತ್ತಿಲ್ಲ ಅನ್ನುವುದು ಇನ್ನೊಂದು. ಎರಡರಲ್ಲಿ ಒಂದಾದರೂ ಹೊಸ ಖಾತೆಗಳನ್ನು ನಿಲ್ಲಿಸಿ. ಬರಬೇಕೆನ್ನುವವರಿಗೆ ಇಲ್ಲ ಅನ್ನಬೇಡಿ, ಅವರದೇ ಒಂದು ಸರ್ವರ್ ಶುರು ಮಾಡಲು ಸಹಾಯ ಮಾಡಿ.

ನಮ್ಮಲ್ಲಿ ಕಳೆದ ವರ್ಷ ಇದೇ ಆಯಿತು. ಕ್ಯಾಲಿಫೋರ್ನಿಯಾದಲ್ಲಿರುವ ಎಂಟು ಜನ ಒಟ್ಟಿಗೆ ಬರುತ್ತೇವೆ ಅಂದರು. ಅವರಿಗೆ ನಮ್ಮ ನಿಯಮಗಳ ಪುಟ ಕೊಟ್ಟೆವು, ತಡೆದ ಸರ್ವರ್‌ಗಳ ಪಟ್ಟಿಯನ್ನು ಫೈಲ್ ಮಾಡಿ ಕೊಟ್ಟೆವು, ನಮ್ಮ ನಾಲ್ಕು ಹ್ಯಾಶ್‌ಟ್ಯಾಗ್‌ಗಳನ್ನೇ ಬಳಸಿ ಅಂದೆವು. ಅವರ ಆರು ಜನ ಮೂರು ವಾರ ಬರೆದ ಮೇಲೆ ನಮ್ಮವರೆಲ್ಲ ಒಂದೇ ಸಂಜೆ ಅವರನ್ನು ಫಾಲೋ ಮಾಡಿ, ಅವರ ಪರಿಚಯದ ಪೋಸ್ಟ್‌ಗಳನ್ನು ಬೂಸ್ಟ್ ಮಾಡಿದೆವು. ಇಲ್ಲಿ ನಾವು ಮಲಗಿದಾಗ ಅವರಿಗೆ ಬೆಳಗು, ಹಾಗಾಗಿ ರಾತ್ರಿ ಬರುವ ಕನ್ನಡದ ರಿಪೋರ್ಟ್‌ಗಳನ್ನು ಅವರಲ್ಲಿ ಇಬ್ಬರು ನಮಗಾಗಿ ನೋಡುತ್ತಾರೆ, ಅವರ ರಾತ್ರಿಯದ್ದನ್ನು ನಾವು ನೋಡುತ್ತೇವೆ. ಚಿಕ್ಕಮ್ಮನ ಹಕ್ಕಿಗಳ ಸಾಲಿಗೆ ಈಗ ಅಲ್ಲಿಂದ ಒಬ್ಬರು ದಿನಾ ತಮ್ಮ ಹಿತ್ತಲಿನ ಹಕ್ಕಿಯ ಹೆಸರು ಬರೆದು ಉತ್ತರಿಸುತ್ತಿದ್ದಾರೆ.